ಪೊಲೀಸರು ‘ಡಿಕ್ಕಿ ನೋಡಲೇ?’ ಎಂದು ಕೇಳಿದರೆ ಬೇಡ ಎನ್ನಬಹುದೇ?

ತುಂಗಾತೀರ (ಡಲ್ಲಾಸ್)

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ನಡೆದದ್ದು ಇನ್ನೂ ಎದೆಯಲ್ಲಿ ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನಿಂದ ಬಂದಿರುವ ಅಪ್ಪನನ್ನು ಕರೆದುಕೊಂಡು ಹೂಸ್ಟನ್ ಹತ್ತಿರದ ಮೀನಾಕ್ಷಿ ದೇವಸ್ಥಾನಕ್ಕೆ ಹೊರಟಿದ್ದೆ. ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದೆ ಎಂದು ದಾರಿಯಲ್ಲಿ ಒಂದು ಪೊಲೀಸ್ ಕಾರು ಹಿಂದೆ ಬಿತ್ತು. ತಪ್ಪು ನನ್ನದೇ, ಪಕ್ಕಕ್ಕೆ ನಿಲ್ಲಿಸಿದೆ. ನಾನು ಲೈಸೆನ್ಸ್ ಹುಡುಕುವಷ್ಟರಲ್ಲಿ ಅಪ್ಪ ಬಾಗಿಲು ತೆಗೆದು ಇಳಿದೇಬಿಟ್ಟರು. ತೀರ್ಥಹಳ್ಳಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಇಳಿದು ಹತ್ತಿರ ಹೋಗಿ ಮಾತನಾಡುವುದೇ ಮರ್ಯಾದೆ. ಇಲ್ಲಿ ಆ ಅಧಿಕಾರಿ ಸೊಂಟಕ್ಕೆ ಕೈ ಹಾಕಿ ಅರಚಿದ. ಅಪ್ಪನಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ನಾನು ಒಳಗಿನಿಂದ ‘ಅಪ್ಪಾ, ಕೈ ಕಾಣಿಸಿ, ಒಳಗೆ ಬನ್ನಿ’ ಎಂದು ಕೂಗಿದ ಮೇಲೆ ಅವರು ಬಂದು ಕೂತರು.

ಆಮೇಲೆ ಅಧಿಕಾರಿ ಸಮಾಧಾನವಾಗಿಯೇ ಮಾತನಾಡಿ, ಎಚ್ಚರಿಕೆ ಚೀಟಿ ಕೊಟ್ಟು, ಲೈಸೆನ್ಸ್ ವಾಪಸ್ ಕೊಟ್ಟ. ಮುಗಿಯಿತು ಅಂದುಕೊಂಡೆ. ಆಗ ‘ಕಾರಿನಲ್ಲಿ ಇರಬಾರದ್ದು ಏನೂ ಇಲ್ಲವಲ್ಲ? ಒಮ್ಮೆ ನೋಡಲೇ?’ ಎಂದ. ನಾನು ‘ಆಗಲಿ’ ಎಂದೆ. ಡಿಕ್ಕಿ ತೆಗೆದ, ಸೂಟ್‌ಕೇಸ್ ಬಿಚ್ಚಿಸಿದ. ಅಪ್ಪನ ಎಲೆಯಡಿಕೆ ಚೀಲದಲ್ಲಿದ್ದ ಸುಣ್ಣದ ಡಬ್ಬಿ ಸಿಕ್ಕಿತು. ಬಿಳಿ ಪದಾರ್ಥ, ಮೇಲೆ ಹೆಸರಿಲ್ಲ. ಇನ್ನೊಂದು ಕಾರು ಬಂತು. ಒಟ್ಟು 40 ನಿಮಿಷ ಅಪ್ಪ ರಸ್ತೆ ಬದಿಯ ಹುಲ್ಲಿನ ಮೇಲೆ ಬಿಸಿಲಿನಲ್ಲಿ ಕೂತಿದ್ದರು. ಕೊನೆಗೆ ಹೋಗಿ ಎಂದರು.

ನನ್ನ ಪ್ರಶ್ನೆ ಇದು. ನಾನು ಬೇಡ ಎನ್ನಬಹುದಿತ್ತೇ? ನನ್ನ ಹಕ್ಕುಗಳನ್ನು ಯಾಕೆ ಓದಿ ಹೇಳಲಿಲ್ಲ? ಅಪ್ಪನ ಪಾಸ್‌ಪೋರ್ಟ್ ಮನೆಯಲ್ಲಿತ್ತು, ಅದನ್ನು ಕೇಳಿದ್ದರೆ ಏನಾಗುತ್ತಿತ್ತು?

ಗುಬ್ಬಿಗೂಡು (ನ್ಯೂಜೆರ್ಸಿ)

ಅಪ್ಪ ಈಗ ಹೇಗಿದ್ದಾರೆ? ಮೊದಲು ಅದನ್ನು ಹೇಳಿ.

ನೇರಮಾತು (ಸ್ಯಾನ್ ಹೋಸೆ)

ಹಕ್ಕು ಓದಿ ಹೇಳದೆ ನಿಮ್ಮನ್ನು ಪ್ರಶ್ನಿಸಿದ್ದಾರೆ. ಮೌನವಾಗಿರುವ, ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಪೊಲೀಸರು ಮೊದಲೇ ಹೇಳಬೇಕು ಎನ್ನುವ ಮಿರಾಂಡಾ ತೀರ್ಪಿನ ಉಲ್ಲಂಘನೆ ಅದು. ಡಿಕ್ಕಿಯಲ್ಲಿ ಏನೇ ಸಿಕ್ಕಿದ್ದರೂ ಕೇಸ್ ಬಿದ್ದುಹೋಗುತ್ತಿತ್ತು. ಸುಮ್ಮನೆ ಬಿಡಬೇಡಿ, ಪರಿಹಾರ ಕೇಳಿ ದಾವೆ ಹಾಕಿ. ನಮ್ಮವರು ಎಲ್ಲದಕ್ಕೂ ತಲೆ ತಗ್ಗಿಸುತ್ತಾರೆ, ಅದಕ್ಕೇ ಹೀಗಾಗುವುದು.

ಸೌಪರ್ಣಿಕಾ (ಷಿಕಾಗೊ)

ನೇರಮಾತು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಬರೆದದ್ದನ್ನು ನಂಬಿ ಯಾರಾದರೂ ನಡೆದುಕೊಂಡರೆ ಕೆಡುತ್ತಾರೆ. ನಾನು ಆರೋಪಿಗಳ ಪರವಾಗಿ ಕೆಲಸ ಮಾಡುವ ಸರ್ಕಾರಿ ವಕೀಲರ ಕಚೇರಿಯಲ್ಲಿ 6 ವರ್ಷ ಇದ್ದವಳು.

1966ರ ಮಿರಾಂಡಾ ತೀರ್ಪು ಅನ್ವಯಿಸಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು: ನೀವು ಪೊಲೀಸರ ವಶದಲ್ಲಿರಬೇಕು, ಅವರು ನಿಮ್ಮನ್ನು ವಿಚಾರಣೆ ಮಾಡುತ್ತಿರಬೇಕು. ರಸ್ತೆ ಬದಿಯಲ್ಲಿ ಟ್ರಾಫಿಕ್ ತಪ್ಪಿಗೆ ನಿಲ್ಲಿಸುವುದು ಸಾಮಾನ್ಯವಾಗಿ ‘ವಶ’ ಅಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಬರ್ಕಿಮರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಆ ಅಧಿಕಾರಿ ಏನನ್ನೂ ಓದಿ ಹೇಳಬೇಕಾಗಿರಲಿಲ್ಲ. ಇನ್ನು, ಹಕ್ಕು ಹೇಳದಿದ್ದರೆ ಕೇಸ್ ಬಿದ್ದುಹೋಗುವುದಿಲ್ಲ. ಆಗ ಆಡಿದ ಮಾತನ್ನು ಪ್ರಾಸಿಕ್ಯೂಷನ್ ತನ್ನ ಸಾಕ್ಷ್ಯವಾಗಿ ಮಂಡಿಸುವಂತಿಲ್ಲ, ಅಷ್ಟೇ. ಆ ಪ್ರಕರಣದ ಆರೋಪಿ ಮಿರಾಂಡಾ ಗೆದ್ದು ಮನೆಗೆ ಹೋದ ಎಂದು ಬಹಳ ಜನ ತಿಳಿದಿದ್ದಾರೆ. ಅವನು ಪೊಲೀಸರಿಗೆ ಕೊಟ್ಟಿದ್ದ ತಪ್ಪೊಪ್ಪಿಗೆಯನ್ನು ಬದಿಗಿಟ್ಟು ಅರಿಜೋನಾದಲ್ಲಿ ಮತ್ತೆ ವಿಚಾರಣೆ ನಡೆಯಿತು, 1967ರಲ್ಲಿ ಮತ್ತೆ ಶಿಕ್ಷೆಯಾಯಿತು. ಪರಿಹಾರದ ದಾವೆಯ ದಾರಿಯೂ ಮುಚ್ಚಿದೆ: ಮಿರಾಂಡಾ ಎಚ್ಚರಿಕೆ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅಧಿಕಾರಿಯ ಮೇಲೆ ದಾವೆ ಹಾಕಲಾಗದು ಎಂದು 2022ರಲ್ಲಿ ತೀರ್ಪಾಗಿದೆ.

ತುಂಗಾತೀರ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ. ಬೇಡ ಎನ್ನಬಹುದಿತ್ತು. ಸಂವಿಧಾನದ ನಾಲ್ಕನೆಯ ತಿದ್ದುಪಡಿ ನಿಮ್ಮನ್ನು ಅಕಾರಣ ಶೋಧದಿಂದ ಕಾಯುತ್ತದೆ. ಕಾರಿಗೆ ವಾರಂಟ್ ಬೇಕಾಗಿಲ್ಲ, 1925ರಿಂದಲೂ ಆ ವಿನಾಯಿತಿ ಇದೆ. ಆದರೆ ಅಪರಾಧದ ಸಾಕ್ಷ್ಯವೋ ನಿಷಿದ್ಧ ವಸ್ತುವೋ ಒಳಗಿದೆ ಎಂದು ನಂಬಲು ಗಟ್ಟಿ ಆಧಾರ ಇರಬೇಕು. ಆ ಆಧಾರ ಇಲ್ಲದಿದ್ದಾಗಲೇ ಅವರು ಅನುಮತಿ ಕೇಳುವುದು. ನೀವು ‘ಆಗಲಿ’ ಎಂದ ಕ್ಷಣ ಆ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಿರಿ. ‘ನಿರಾಕರಿಸುವ ಹಕ್ಕು ನಿಮಗಿದೆ’ ಎಂದು ಪೊಲೀಸರು ಹೇಳಬೇಕಾಗಿಲ್ಲ, ಇದು 1973ರ ತೀರ್ಪು.

ಚೀಟಿ ಕೊಟ್ಟ ಮೇಲೆ ಕೇಳಿದ ಎಂದು ಬರೆದಿದ್ದೀರಲ್ಲ, ಅದನ್ನು ಎಲ್ಲರೂ ಗಮನಿಸಿ. ಓಹಾಯೊದಲ್ಲಿ ಹೀಗೇ ಒಬ್ಬ ಚಾಲಕನಿಗೆ ಅತಿವೇಗಕ್ಕೆ ಎಚ್ಚರಿಕೆ ಕೊಟ್ಟು, ಲೈಸೆನ್ಸ್ ಹಿಂತಿರುಗಿಸಿ, ಆಮೇಲೆ ‘ನೋಡಲೇ’ ಎಂದು ಕೇಳಿದ್ದರು. ಆತ ಒಪ್ಪಿದ. ಸ್ವಲ್ಪ ಗಾಂಜಾ, ಒಂದು ಮಾತ್ರೆ ಸಿಕ್ಕಿತು. ‘ನೀವಿನ್ನು ಹೊರಡಬಹುದು ಎಂದು ಮೊದಲು ಹೇಳಬೇಕಿತ್ತು’ ಎಂಬ ವಾದವನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ನಾನು ಹೊರಡಬಹುದೇ?’

ಹಳೇಬೇರು (ಅಟ್ಲಾಂಟಾ)

ಸೌಪರ್ಣಿಕಾ ಹೇಳಿದ ಕಾನೂನು ಸರಿ. ನಾನು ಅದಕ್ಕಿಂತ ಮೊದಲಿನ ಮಾತು ಹೇಳುತ್ತೇನೆ. ಈ ದೇಶಕ್ಕೆ ಬಂದು 31 ವರ್ಷವಾಯಿತು. ನನಗೆ ಮೈ ಜುಮ್ಮೆಂದದ್ದು ಡಿಕ್ಕಿಯ ಕಥೆ ಕೇಳಿ ಅಲ್ಲ, ಅಪ್ಪ ಇಳಿದರು ಎಂಬುದನ್ನು ಓದಿ.

2015ರಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ನಡೆದದ್ದು ಎಷ್ಟು ಜನರಿಗೆ ನೆನಪಿದೆ? ಗುಜರಾತಿನಿಂದ ಮಗನ ಮನೆಗೆ, ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದವರು. ಬೆಳಗ್ಗೆ ಮನೆಯ ಬೀದಿಯಲ್ಲಿ ನಡೆದಾಡುತ್ತಿದ್ದರು. ಯಾರೋ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಭಾಗಶಃ ಪಾರ್ಶ್ವವಾಯು. ಆ ಅಧಿಕಾರಿಯ ಮೇಲಿನ ಫೆಡರಲ್ ಮೊಕದ್ದಮೆಯಲ್ಲಿ ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಆತನನ್ನು ಖುಲಾಸೆ ಮಾಡಿದರು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿಬಿಡಿ. ಕಾರು ನಿಲ್ಲಿಸಿದರೆ ಇಳಿಯಬಾರದು. ಕೈ ಡ್ಯಾಶ್‌ಬೋರ್ಡಿನ ಮೇಲೆ. ಚಾಲಕನ ಕೈ ಸ್ಟೀರಿಂಗ್ ಮೇಲೆ, ಕಿಟಕಿ ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಪೇಪರ್ ತೆಗೆಯುವ ಮುನ್ನ ಎಲ್ಲಿದೆ ಎಂದು ಹೇಳಿ ತೆಗೆಯಿರಿ. ಅವರಾಗಿ ಇಳಿಯಿರಿ ಎಂದರೆ ಮಾತ್ರ ಇಳಿಯಬೇಕು. ಹಾಗೆ ಹೇಳುವ ಅಧಿಕಾರ ಅವರಿಗೆ ಇದೆ, ಚಾಲಕರ ವಿಷಯದಲ್ಲಿ 1977ರಿಂದ, ಪ್ರಯಾಣಿಕರ ವಿಷಯದಲ್ಲಿ 1997ರಿಂದ.

ತುಂಗಾತೀರ (ಡಲ್ಲಾಸ್)

ಅಪ್ಪ ಚೆನ್ನಾಗಿದ್ದಾರೆ ಅಕ್ಕ. ಆದರೆ ಆ ದಿನದಿಂದ ಸಂಜೆ ವಾಕಿಂಗ್ ಹೋಗುತ್ತಿಲ್ಲ. ಹಳೇಬೇರು ಸರ್, ನಿಮ್ಮ ಮಾತು ಓದಿ ಕೈ ನಡುಗಿತು.

ನೇರಮಾತು (ಸ್ಯಾನ್ ಹೋಸೆ)

ಮಿರಾಂಡಾ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಆದರೆ ಸೌಪರ್ಣಿಕಾ ಅವರೇ, ನಿಮ್ಮ ‘ಬೇಡ ಎನ್ನಿ’ ಎಂಬ ಸಲಹೆ ಪುಸ್ತಕದ ಬದನೆಕಾಯಿ. ಹೆದ್ದಾರಿಯಲ್ಲಿ, ಪಿಸ್ತೂಲು ಇರುವವನ ಎದುರು, ಪಕ್ಕದಲ್ಲಿ ವಯಸ್ಸಾದ ತಂದೆ. ಬೇಡ ಎಂದರೆ ‘ಹಾಗಿದ್ದರೆ ಮೂಸುವ ನಾಯಿ ಬರಲಿ, ಕಾಯಿರಿ’ ಎನ್ನುತ್ತಾರೆ. ಒಂದು ಗಂಟೆ ನಿಲ್ಲಿಸುತ್ತಾರೆ. ಕಂದು ಮೈಬಣ್ಣದವರಿಗೆ ಒಂದು ನಿಯಮ, ಕಪ್ಪು ಜನರಿಗೆ ಇನ್ನೂ ಕಠಿಣ ನಿಯಮ. ಇಂಡಿಕೇಟರ್ ನೆಪ ಅಷ್ಟೇ, ನಿಲ್ಲಿಸಿದ ನಿಜವಾದ ಕಾರಣ ಬೇರೆಯೇ ಇರುತ್ತದೆ.

ಸೌಪರ್ಣಿಕಾ (ಷಿಕಾಗೊ)

ನೆಪದ ಬಗ್ಗೆ ನೀವು ಹೇಳಿದ್ದು ನಿಜ, ಅದು ನನಗೂ ನೋವಿನ ವಿಷಯ. ಚಾಲಕ ಒಂದು ಟ್ರಾಫಿಕ್ ತಪ್ಪು ಮಾಡಿದ್ದರೆ ಸಾಕು, ಅಧಿಕಾರಿಯ ಮನಸ್ಸಿನಲ್ಲಿ ಬೇರೆ ಉದ್ದೇಶ ಇದ್ದರೂ ನಿಲ್ಲಿಸಿದ್ದು ಸಿಂಧು ಎಂದು 1996ರ ರೆನ್ ತೀರ್ಪು ಹೇಳುತ್ತದೆ. ಆ ಪ್ರಕರಣದ ಚಾಲಕನೂ ಜೊತೆಗಾರನೂ ಕಪ್ಪು ಯುವಕರು. ಆ ತೀರ್ಪು ಮಾಡಿದ ಹಾನಿಯನ್ನು ನಾನು ಕೋರ್ಟಿನಲ್ಲಿ ವಾರ ವಾರ ನೋಡಿದ್ದೇನೆ.

ಆದರೆ ನಾಯಿಯ ಮಾತು ಪೂರ್ತಿ ಸರಿಯಲ್ಲ. 2015ರ ರೊಡ್ರಿಗಸ್ ಪ್ರಕರಣದಲ್ಲಿ ನೆಬ್ರಾಸ್ಕಾದ ಅಧಿಕಾರಿ ಎಚ್ಚರಿಕೆ ಚೀಟಿ ಕೊಟ್ಟಾದ ಮೇಲೆ ನಾಯಿಯಿಂದ ಮೂಸಿಸಲು ಏಳೆಂಟು ನಿಮಿಷ ಹೆಚ್ಚು ನಿಲ್ಲಿಸಿದ್ದ. ಬೇರೆ ಅನುಮಾನಕ್ಕೆ ಆಧಾರ ಇಲ್ಲದಿದ್ದರೆ ಅಷ್ಟು ಹೊತ್ತೂ ನಿಲ್ಲಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಏಳೆಂಟು ನಿಮಿಷ! ತುಂಗಾತೀರ ಅವರನ್ನು 40 ನಿಮಿಷ ನಿಲ್ಲಿಸಿದ್ದನ್ನು ಪ್ರಶ್ನಿಸುವುದು ಕಷ್ಟ, ಯಾಕೆಂದರೆ ಅವರು ಒಪ್ಪಿದ್ದರು. ಬೇಡ ಎಂದರೂ ಶೋಧ ನಡೆದರೆ ಅದನ್ನು ಜಗಳವಾಡಿ ತಡೆಯಬೇಡಿ, ಕೈ ಅಡ್ಡ ಹಾಕಬೇಡಿ. ಬಾಯಲ್ಲಿ ಹೇಳಿ, ದೇಹದಿಂದ ತಡೆಯಬೇಡಿ. ಆ ‘ಬೇಡ’ ಎಂಬ ಮಾತು ಕೆಲಸಕ್ಕೆ ಬರುವುದು ರಸ್ತೆಯಲ್ಲಿ ಅಲ್ಲ, ಮೂರು ತಿಂಗಳ ನಂತರ ನ್ಯಾಯಾಧೀಶರ ಎದುರು.

ನೇರಮಾತು (ಸ್ಯಾನ್ ಹೋಸೆ)

ಮೂರು ತಿಂಗಳ ನಂತರ. ಅಲ್ಲಿಯವರೆಗೆ ಬದುಕಿರಬೇಕಲ್ಲ.

ಹಳೇಬೇರು (ಅಟ್ಲಾಂಟಾ)

ಅದನ್ನೇ ಆಕೆಯೂ ಹೇಳುತ್ತಿರುವುದು ತಮ್ಮಾ. ದನಿ ಏರಿಸದೆ ಬೇಡ ಎನ್ನಲು ಬರುತ್ತದೆ. ನಾನು ಎರಡು ಬಾರಿ ಹೇಳಿದ್ದೇನೆ. ಒಮ್ಮೆ ‘ಸರಿ ಸರ್’ ಎಂದು ಕಳಿಸಿದರು, ಇನ್ನೊಮ್ಮೆ ಮುಖ ಗಂಟು ಹಾಕಿಕೊಂಡು ದಂಡ ಬರೆದರು. ದಂಡ ಕಟ್ಟಿದೆ.

ಚಾಮುಂಡಿಪುರಂ ವಕೀಲ (ಮೈಸೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಸಂವಿಧಾನದ 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಕೊಡುತ್ತದೆ. 22ನೇ ವಿಧಿ ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ ಮತ್ತು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಕೊಡುತ್ತದೆ. 1978ರ ನಂದಿನಿ ಸತ್ಪತಿ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮಿರಾಂಡಾವನ್ನೇ ಎದುರಿಗಿಟ್ಟುಕೊಂಡು ಚರ್ಚಿಸಿದ್ದಾರೆ.

ನನಗೆ ಬಹಳ ಹಿಂದಿನಿಂದ ಆಶ್ಚರ್ಯ ತಂದಿರುವುದು ಬೇರೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂಬುದು ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಿಂದಲೂ ಇದೆ, ಅದರ ಬದಲು ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಅಮೆರಿಕದಲ್ಲಿ ಠಾಣೆಯ ತಪ್ಪೊಪ್ಪಿಗೆಯೇ ದೊಡ್ಡ ಸಾಕ್ಷ್ಯ. ಹಾಗೆಂದು ನಮ್ಮ ಠಾಣೆಗಳಲ್ಲಿ ಏಟು ಬೀಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಏಟು ತಿಂದವರ ಪರ ವಾದಿಸಿದವನು ನಾನು. ಅತ್ತ, ಅಕ್ರಮವಾಗಿ ಶೋಧಿಸಿ ತಂದ ವಸ್ತುವನ್ನು ಅಮೆರಿಕದ ಕೋರ್ಟ್ ಹೊರಗಿಡುತ್ತದೆ, 1961ರ ಮ್ಯಾಪ್ ತೀರ್ಪಿನಿಂದ ರಾಜ್ಯಗಳಲ್ಲೂ ಹಾಗೆಯೇ. ನಮ್ಮಲ್ಲಿ ಶೋಧ ಅಕ್ರಮ ಎಂಬುದೊಂದರಿಂದಲೇ ಸಾಕ್ಷ್ಯ ಬಿದ್ದುಹೋಗುವುದಿಲ್ಲ.

ಎರಡು ದೇಶಗಳೂ ಪೊಲೀಸರನ್ನು ನಂಬಿಲ್ಲ. ನಾವು ಅವರ ಕಿವಿಯನ್ನು ನಂಬಲಿಲ್ಲ, ಅಮೆರಿಕದವರು ಅವರ ಕೈಯನ್ನು ನಂಬಲಿಲ್ಲ.

ಸೌಪರ್ಣಿಕಾ (ಷಿಕಾಗೊ)

ವಕೀಲರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ: ಇಲ್ಲಿ ವಿಚಾರಣೆಯಲ್ಲಿ ಪೊಲೀಸರು ಸುಳ್ಳು ಹೇಳಬಹುದು. ‘ನಿನ್ನ ಗೆಳೆಯ ಆಗಲೇ ಒಪ್ಪಿಕೊಂಡಿದ್ದಾನೆ’ ಎಂದು ಸುಳ್ಳು ಹೇಳಿ ಪಡೆದ ಹೇಳಿಕೆಯನ್ನು 1969ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ನಮ್ಮ ಇಲಿನಾಯ್ ರಾಜ್ಯ ಅಪ್ರಾಪ್ತ ವಯಸ್ಸಿನವರ ಮೇಲೆ ಇಂಥ ಸುಳ್ಳು ಬಳಸುವುದನ್ನು 2022ರಿಂದ ತಡೆದಿದೆ, ದೇಶದಲ್ಲೇ ಮೊದಲು.

ಎಂ.ಎಸ್. ವಿದ್ಯಾರ್ಥಿ (ಆರ್ಲಿಂಗ್ಟನ್)

ಹಾಗಾದರೆ ಸುಮ್ಮನೆ ಇದ್ದುಬಿಟ್ಟರೆ ಆಯಿತಲ್ಲ? ಮಾತು ಬೆಳ್ಳಿ, ಮೌನ ಬಂಗಾರ. ಇನ್ನೊಂದು ಪ್ರಶ್ನೆ: ನನ್ನ ಮೊಬೈಲ್ ಕೇಳಿದರೆ ಕೊಡಬೇಕೇ?

ಸೌಪರ್ಣಿಕಾ (ಷಿಕಾಗೊ)

ಇಲ್ಲಿ ಬರಿಯ ಮೌನ ಬಂಗಾರವಲ್ಲ ತಮ್ಮಾ. ‘ನಾನು ಮೌನವಾಗಿರುತ್ತೇನೆ’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಬಂಗಾರ. ಮಿಷಿಗನ್‌ನ ಒಬ್ಬ ಆರೋಪಿ ಸುಮಾರು 2 ಗಂಟೆ 45 ನಿಮಿಷ ಹೆಚ್ಚುಕಡಿಮೆ ಸುಮ್ಮನೆ ಕೂತಿದ್ದು, ಕೊನೆಗೆ ಒಂದು ಪ್ರಶ್ನೆಗೆ ‘ಹೌದು’ ಎಂದ. ಹಕ್ಕನ್ನು ಸ್ಪಷ್ಟವಾಗಿ ಹೇಳಿಕೊಳ್ಳಲಿಲ್ಲ ಎಂದು ಆ ‘ಹೌದು’ ಅವನ ವಿರುದ್ಧ ನಿಂತಿತು. ಅದು 2010. ಟೆಕ್ಸಾಸ್‌ನ ಇನ್ನೊಬ್ಬ, ಬಂಧನಕ್ಕೆ ಮೊದಲು ತಾನಾಗಿ ಠಾಣೆಗೆ ಹೋಗಿ ಉತ್ತರಿಸುತ್ತಿದ್ದವನು, ಬಂದೂಕಿನ ಪ್ರಶ್ನೆ ಬಂದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನಾದ. ಆ ಮೌನವನ್ನೇ ಜ್ಯೂರಿಯ ಮುಂದೆ ಅವನ ವಿರುದ್ಧ ಬಳಸಿದರು, 2013ರಲ್ಲಿ ಕೋರ್ಟ್ ಅದನ್ನು ಒಪ್ಪಿತು.

ಮೊಬೈಲ್: ಬಂಧಿಸಿದರೂ ವಾರಂಟ್ ಇಲ್ಲದೆ ಸಾಮಾನ್ಯವಾಗಿ ಒಳಗೆ ನೋಡುವಂತಿಲ್ಲ. 2014ರ ರೈಲಿ ತೀರ್ಪು, ಸರ್ವಾನುಮತ. ಆದರೆ ಗಡಿಯಲ್ಲಿ, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ ಅಧಿಕಾರಿಗಳಿಗೆ ಬಹಳ ಹೆಚ್ಚು ಅಧಿಕಾರ ಇದೆ.

ಧಾರವಾಡದ ಓದುಗ

ಜ್ಯೂರಿ ಎಂದ ಕೂಡಲೇ ನೆನಪಾಯಿತು, ನಮ್ಮಲ್ಲಿ ನಾನಾವತಿ ಪ್ರಕರಣದ (ನೌಕಾಪಡೆಯ ಅಧಿಕಾರಿಯೊಬ್ಬರು ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದದ್ದು) ಮರುದಿನವೇ ಜ್ಯೂರಿ ರದ್ದಾಯಿತು ಎನ್ನುತ್ತಾರೆ. ನಿಜವೇ?

ಚಾಮುಂಡಿಪುರಂ ವಕೀಲ (ಮೈಸೂರು)

ಪೂರ್ತಿ ನಿಜವಲ್ಲ. ಆ ಜ್ಯೂರಿ 8–1ರಿಂದ ನಿರ್ದೋಷಿ ಎಂದಿತು, ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಆಮೇಲೂ ಕೆಲವೆಡೆ ಜ್ಯೂರಿ ವಿಚಾರಣೆ ನಡೆದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ.

ಹಳೇಬೇರು (ಅಟ್ಲಾಂಟಾ)

ಇಲ್ಲಿ ಗಂಭೀರ ಅಪರಾಧಗಳಲ್ಲಿ ಜ್ಯೂರಿಯ ಎಲ್ಲರೂ ಒಪ್ಪಬೇಕು ಎಂಬುದು ಎಲ್ಲ ರಾಜ್ಯಗಳಿಗೂ ಗಟ್ಟಿಯಾದದ್ದು 2020ರಲ್ಲಿ ಮಾತ್ರ. ಅಲ್ಲಿಯವರೆಗೆ ಓರೆಗಾನ್‌ನಲ್ಲಿ, ಮತ್ತು 2019ಕ್ಕಿಂತ ಹಿಂದಿನ ಅಪರಾಧಗಳಿಗೆ ಲೂಯಿಸಿಯಾನಾದಲ್ಲಿ, ಹೆಚ್ಚಿನ ಪ್ರಕರಣಗಳಿಗೆ 12ರಲ್ಲಿ 10 ಜನ ಸಾಕಾಗಿತ್ತು.

ಗುಬ್ಬಿಗೂಡು (ನ್ಯೂಜೆರ್ಸಿ)

ಜ್ಯೂರಿ ಜ್ಯೂರಿ ಎನ್ನುತ್ತೀರಿ, ಜ್ಯೂರಿಯ ತನಕ ಹೋಗುವವರು ಎಷ್ಟು? ಸುಪ್ರೀಂ ಕೋರ್ಟೇ 2012ರ ಒಂದು ತೀರ್ಪಿನಲ್ಲಿ ಬರೆದಿದೆ: ಫೆಡರಲ್ ಶಿಕ್ಷೆಗಳಲ್ಲಿ ಶೇ. 97, ರಾಜ್ಯಗಳ ಶಿಕ್ಷೆಗಳಲ್ಲಿ ಶೇ. 94 ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದರಿಂದಲೇ ಆದವು. ಅವುಗಳಲ್ಲಿ ಹೆಚ್ಚಿನವು ಪ್ರಾಸಿಕ್ಯೂಟರ್ ಜೊತೆಗಿನ ರಾಜಿ.

ನನಗೆ ಗೊತ್ತಿರುವ ಒಂದು ಹುಡುಗಿಯ ಕಥೆ ಹೇಳಲೇಬೇಕು. ನಮ್ಮ ಕಡೆಯವಳು, ಓದಲು ಬಂದವಳು. ಅಂಗಡಿಯಲ್ಲಿ ತಾನೇ ಬಿಲ್ ಮಾಡುವ ಯಂತ್ರದಲ್ಲಿ ಎರಡು ಸಾಮಾನು ಸ್ಕ್ಯಾನ್ ಆಗಿರಲಿಲ್ಲ. ಮರೆತಳೋ ಅಲ್ಲವೋ ನನಗೆ ಗೊತ್ತಿಲ್ಲ, 30 ಡಾಲರ್ ಮಾತು. ಪೊಲೀಸರು ಬಂದರು. ಹೆದರಿಕೆಗೆ ‘ಕ್ಷಮಿಸಿ, ತಪ್ಪಾಯಿತು, ದುಡ್ಡು ಕೊಡುತ್ತೇನೆ’ ಎಂದು ಅತ್ತಳು. ಅದು ದಾಖಲಾಯಿತು. ನಮ್ಮಲ್ಲಿ ದೊಡ್ಡವರ ಎದುರು ‘ತಪ್ಪಾಯಿತು’ ಎನ್ನುವುದು ಸಮಾಧಾನದ ಮಾತು, ಇಲ್ಲಿ ಅದು ಸಾಕ್ಷ್ಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಅಜ್ಜಿ ಹೇಳುತ್ತಿದ್ದುದು ಆಗ ಎಷ್ಟು ನೆನಪಾಯಿತು.

ಆಮೇಲೆ ಯಾರೋ ಸ್ನೇಹಿತರು ‘ಸಣ್ಣ ಕೇಸು, ಒಪ್ಪಿಕೊಂಡು ದಂಡ ಕಟ್ಟಿ ಮುಗಿಸು, ಆರು ತಿಂಗಳ ನಂತರ ದಾಖಲೆ ಅಳಿಸುತ್ತಾರೆ’ ಎಂದರು. ವಲಸೆ ವಕೀಲರನ್ನು ಕೇಳದೆ ಒಪ್ಪಿಕೊಂಡಳು. ವಲಸೆ ಕಾನೂನಿನಲ್ಲಿ ತಪ್ಪೊಪ್ಪಿಗೆ, ಜೊತೆಗೆ ಯಾವುದೋ ರೂಪದ ಶಿಕ್ಷೆ, ಇವೆರಡು ಇದ್ದರೆ ರಾಜ್ಯದ ಕೋರ್ಟ್ ದಾಖಲೆ ಅಳಿಸಿದರೂ ಅಪರಾಧ ಸಾಬೀತಾದಂತೆಯೇ ಲೆಕ್ಕ. ಕಳ್ಳತನ ಸಾಮಾನ್ಯವಾಗಿ ‘ನೈತಿಕ ಅಧಃಪತನ’ದ, ಅಂದರೆ ವೀಸಾಕ್ಕೆ ಅಡ್ಡಿಯಾಗಬಲ್ಲ, ಅಪರಾಧಗಳ ಸಾಲಿನಲ್ಲಿ ಬರುತ್ತದೆ. ಮೊದಲ ಸಲದ ಸಣ್ಣ ಅಪರಾಧಕ್ಕೆ ಒಂದು ವಿನಾಯಿತಿ ಇದೆ ಎಂದು ಆಮೇಲೆ ವಕೀಲರು ಹೇಳಿದರು. ಅಷ್ಟರಲ್ಲಿ ವೀಸಾ ಸ್ಟಾಂಪಿಂಗ್‌ಗೆ ಹೋದವಳು ಬೆಂಗಳೂರಿನಲ್ಲೇ ತಿಂಗಳುಗಟ್ಟಲೆ ಉಳಿಯಬೇಕಾಯಿತು. ಒಂದು ಸೆಮಿಸ್ಟರ್ ಹೋಯಿತು.

ಸೌಪರ್ಣಿಕಾ (ಷಿಕಾಗೊ)

ಇದನ್ನು ಎಲ್ಲರೂ ಎರಡು ಸಲ ಓದಿ. 2010ರ ಪಡೀಯಾ ತೀರ್ಪಿನ ಪ್ರಕಾರ ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯೇ ಎಂದು ಕಕ್ಷಿದಾರನಿಗೆ ತಿಳಿಸುವುದು ಅವನ ಕ್ರಿಮಿನಲ್ ವಕೀಲರ ಕರ್ತವ್ಯ. ನೀವು ಅಮೆರಿಕದ ಪ್ರಜೆಯಲ್ಲ ಎಂದು ವಕೀಲರಿಗೆ ಮೊದಲ ದಿನವೇ ಹೇಳಿ. ಖರ್ಚಿಗೆ ಹಣವಿಲ್ಲದಿದ್ದರೆ, ಜೈಲು ಶಿಕ್ಷೆ ಆಗಬಹುದಾದ ಪ್ರಕರಣದಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಬೇಕು ಎಂದು ಕೋರ್ಟನ್ನು ಕೇಳಿ. ಆ ಹಕ್ಕು ಬಂದದ್ದು 1963ರಲ್ಲಿ, ಫ್ಲಾರಿಡಾದ ಗಿಡಿಯನ್ ಎಂಬ ಬಡ ಕೈದಿ ಜೈಲಿನಿಂದ ಪೆನ್ಸಿಲ್ಲಿನಲ್ಲಿ ಬರೆದ ಅರ್ಜಿಯಿಂದ. ವಕೀಲರು ಸಿಕ್ಕ ಮೇಲೆ ಮರುವಿಚಾರಣೆಯಲ್ಲಿ ಅವನು ಖುಲಾಸೆಯಾದ. ನಾನು ಈ ವೃತ್ತಿಗೆ ಬಂದದ್ದೇ ಆ ಕಥೆ ಓದಿ.

ಗುಬ್ಬಿಗೂಡು (ನ್ಯೂಜೆರ್ಸಿ)

ಒಂದು ಒಳ್ಳೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಸುಪ್ರೀಂ ಕೋರ್ಟ್ 2002ರಲ್ಲಿ, ಅನುಮಾನಕ್ಕೆ ಆಧಾರವಿಲ್ಲದೆ ಟ್ರಾಫಿಕ್ ತಪ್ಪಿಗೆ ನಿಲ್ಲಿಸಿದವರ ಬಳಿ ಶೋಧದ ಅನುಮತಿ ಕೇಳುವುದೇ ತಪ್ಪು ಎಂದಿದೆ. ಟೆಕ್ಸಾಸ್ ಬದಲು ಇಲ್ಲಿ ನಿಂತಿದ್ದರೆ ನಿಮ್ಮ ಕಥೆ ಬೇರೆಯಾಗುತ್ತಿತ್ತು.

ನೇರಮಾತು (ಸ್ಯಾನ್ ಹೋಸೆ)

ಟೆಕ್ಸಾಸ್ ಎಂದರೆ ನೆನಪಾಗುವುದು ಅಟ್‌ವಾಟರ್ ಪ್ರಕರಣ. ಇಬ್ಬರು ಪುಟ್ಟ ಮಕ್ಕಳೊಂದಿಗೆ ಹೋಗುತ್ತಿದ್ದ ತಾಯಿಯನ್ನು ಸೀಟ್ ಬೆಲ್ಟ್ ಹಾಕಿಲ್ಲ ಎಂದು ಕೈಕೋಳ ಹಾಕಿ ಒಯ್ದರು. ಆ ತಪ್ಪಿಗೆ ಗರಿಷ್ಠ ದಂಡ 50 ಡಾಲರ್. ಆ ಬಂಧನವೂ ಸಂವಿಧಾನಬದ್ಧ ಎಂದು 2001ರಲ್ಲಿ 5–4ರ ತೀರ್ಪು. ಇದನ್ನು ಓದಿದವರು ಇಲ್ಲಿ ಎಲ್ಲವೂ ನ್ಯಾಯವಾಗಿದೆ ಎಂದು ನನಗೆ ಹೇಳಬೇಡಿ.

ಸೌಪರ್ಣಿಕಾ (ಷಿಕಾಗೊ)

ಯಾರೂ ಹೇಳುತ್ತಿಲ್ಲ.

ತುಂಗಾತೀರ ಅವರೇ, ಪಾಸ್‌ಪೋರ್ಟ್ ಪ್ರಶ್ನೆ ಉಳಿದಿತ್ತು. 18 ದಾಟಿದ ವಿದೇಶೀಯರು ತಮ್ಮ ನೋಂದಣಿ ದಾಖಲೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಫೆಡರಲ್ ಕಾನೂನು. ಸಂದರ್ಶಕರಿಗೆ ಐ-94, ಅಂದರೆ ದೇಶದೊಳಗೆ ಬಂದದ್ದರ ದಾಖಲೆಯೇ, ಆ ದಾಖಲೆ. ಅದರ ಮುದ್ರಿತ ಪ್ರತಿ ಅಪ್ಪನ ಜೇಬಿನಲ್ಲಿರಲಿ. ಪೊಲೀಸರ ಎದುರು ಅಪ್ಪನಿಂದ ಸುಳ್ಳು ಮಾತ್ರ ಹೇಳಿಸಬೇಡಿ. ಮೌನಕ್ಕೆ ಹಕ್ಕಿದೆ, ಸುಳ್ಳಿಗೆ ಇಲ್ಲ.

ತುಂಗಾತೀರ (ಡಲ್ಲಾಸ್)

ಎಲ್ಲರಿಗೂ ಕೃತಜ್ಞ. ನಿನ್ನೆ ರಾತ್ರಿ ಅಪ್ಪನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಮಧ್ಯೆ ಮಾತನಾಡದೆ ಕೇಳಿದರು. ಕೊನೆಗೆ ‘ಬೇಡ ಎಂದು ಮರ್ಯಾದೆಯಿಂದಲೇ ಹೇಳಬಹುದಾದರೆ ನೀನು ಯಾಕೆ ಹೇಳಲಿಲ್ಲ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಐ-94 ಮುದ್ರಿಸಿ ಕೊಟ್ಟಿದ್ದೇನೆ. ಅದರ ಹಿಂದೆ ನನ್ನ ಫೋನ್ ನಂಬರ್, ಮನೆ ವಿಳಾಸ, ಮತ್ತು ಕನ್ನಡ ಲಿಪಿಯಲ್ಲಿ ಎರಡು ಪದ ಬರೆಸಿಕೊಂಡರು: ‘ಲಾಯರ್’, ‘ಕನ್ನಡ ಇಂಟರ್‌ಪ್ರಿಟರ್’. ಇವತ್ತು ಸಂಜೆ ಅದನ್ನು ಜೇಬಿನಲ್ಲಿಟ್ಟುಕೊಂಡು ವಾಕಿಂಗ್ ಹೋದರು. ನಾನೂ ಜೊತೆಗೆ ಹೋದೆ.

ಗುಬ್ಬಿಗೂಡು (ನ್ಯೂಜೆರ್ಸಿ)

ಸುಣ್ಣದ ಡಬ್ಬಿಯ ಮೇಲೂ ಇಂಗ್ಲಿಷಿನಲ್ಲಿ ಒಂದು ಚೀಟಿ ಅಂಟಿಸಿ.